ಗಾಡಿ ಬಿಟ್ಟ ಜಾಗ

ಅಪ್ಪ ಕಾರಿನಿಂದ ಇಳಿದವರೇ ಮೊದಲು ಹುಡುಕಿದ್ದು ಒಂದು ಕಲ್ಲನ್ನು. ಮೂರು ಗಂಟೆ ಕೂತು ಬಂದಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಳ್ಳಲಿಲ್ಲ, ನದಿ ಎಲ್ಲಿ ಅಂತಲೂ ಕೇಳಲಿಲ್ಲ. ಸುಲಿದ ತೆಂಗಿನಕಾಯಿ ಗಾತ್ರದ ಒಂದು ಗುಂಡುಕಲ್ಲನ್ನು ಎತ್ತಿಕೊಂಡು ಬಂದು ಕಾರಿನ ಹಿಂದಿನ ಚಕ್ರಕ್ಕೆ ಕೊಟ್ಟರು.

"ಹ್ಯಾಂಡ್ ಬ್ರೇಕ್ ಹಾಕಿದೀನಪ್ಪ," ಅಂದೆ.

"ಹಾಕಿರು. ಜಾರು ಇದೆ ಇಲ್ಲಿ."

ನನ್ನ ಕಣ್ಣಿಗೆ ಯಾವ ಜಾರೂ ಕಾಣಲಿಲ್ಲ. ಎತ್ತಿನ ಗಾಡಿಯ ಮನೆಯಲ್ಲಿ ಹುಟ್ಟಿದವರಿಗೆ ಅದು ಅಂಗಾಲಿಗೇ ತಿಳಿಯುತ್ತದೇನೋ. ನಮ್ಮ ತಾತ ತಿಪಟೂರು ಸಂತೆಗೆ ಕೊಬ್ಬರಿ ಹೊಡೆಯುತ್ತಿದ್ದವರು. ರಾತ್ರಿಯೆಲ್ಲ ನಡೆಯುವ ಗಾಡಿಸಾಲು, ಅಚ್ಚಿನ ಕೆಳಗೆ ತೂಗುವ ಲಾಟೀನು, ಗಾಡಿಯವನು ನಿದ್ದೆ ಹೋದರೂ ದಾರಿ ಬಿಡದ ಎತ್ತುಗಳು. ಈ ಕತೆಯನ್ನು ಅಪ್ಪನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಆ ಎತ್ತುಗಳ ಬಣ್ಣ ನನಗೂ ನೆನಪಿದೆ ಅನ್ನಿಸುತ್ತದೆ.

ನಾವು ನಿಂತಿದ್ದದ್ದು ಒರೆಗಾನ್ ರಾಜ್ಯದ ಕ್ಯಾಸ್ಕೇಡಿಯಾ ಪಾರ್ಕಿನಲ್ಲಿ. ಸ್ವೀಟ್ ಹೋಮ್ ಅನ್ನುವ, ಹೆಸರು ಕೇಳಿದರೆ ಬೇಕರಿ ಇರಬೇಕು ಅನ್ನಿಸುವ ಊರಿನಿಂದ ಪೂರ್ವಕ್ಕೆ 14 ಮೈಲಿ. ಸೌತ್ ಸ್ಯಾಂಟಿಯಮ್ ನದಿ ಬೆಟ್ಟದಿಂದ ಇಳಿದು ಬರುವ ಕಣಿವೆ. 20ನೇ ನಂಬರಿನ ಹೆದ್ದಾರಿ ಬಿಟ್ಟು, ಒಂದು ಕಿರಿದಾದ ಸೇತುವೆ ದಾಟಿದರೆ ಡಗ್ಲಸ್ ಫರ್ ಮರಗಳ ನೆರಳು. ಮರ ಅಂದರೆ ನಾಲ್ಕು ಜನ ಕೈ ಕೈ ಹಿಡಿದು ತಬ್ಬಬೇಕಾದ ಮರ. ಬುಡದಿಂದ ತುದಿ ನೋಡಲು ಹೋದರೆ ತಲೆಯ ಟೋಪಿ ಬೀಳುತ್ತದೆ. ಹುಲ್ಲುಹಾಸು, ನಾಲ್ಕಾರು ಮರದ ಮೇಜು, ಒಂದು ಸಣ್ಣ ಝರಿ. ಫೋನಿಗೆ ಸಿಗ್ನಲ್ ಇಲ್ಲ. ಒಟ್ಟಿನಲ್ಲಿ ಅಮೆರಿಕದಲ್ಲಿ ಇಂಥ ಪಾರ್ಕು ಸಾವಿರ ಇದ್ದಾವು.

"ಪಾರ್ಕು ಅಂದ್ರೆ ಗಾಡಿ ನಿಲ್ಲಿಸೋದಾ, ತೋಟಾನಾ?" ಅಂತ ಅಪ್ಪ ದಾರಿಯಲ್ಲಿ ಕೇಳಿದ್ದರು. ತಮಾಷೆಗೆ ಕೇಳಿದ್ದು. ಆದರೆ ಈ ಜಾಗಕ್ಕೆ ಎರಡೂ ಸರಿ ಉತ್ತರ. ಇದು ಪಾರ್ಕ್ ಆಗುವುದಕ್ಕೆ ಎಷ್ಟೋ ಮುಂಚಿನಿಂದ ಗಾಡಿ ಬಿಡುವ ಜಾಗ. ಹಳೇ ಮೈಸೂರು ಕಡೆಯವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ, ನಮ್ಮಲ್ಲಿ ಒಂದು ಪದವಿದೆ: ಗುಂಡುತೋಪು. ದಾರಿ ಪಕ್ಕ, ಊರಿನ ಅಂಚಿನಲ್ಲಿ ಮಾವು, ನೇರಳೆ, ಹೊಂಗೆ, ಹುಣಸೆ, ಒಂದು ಬಾವಿ ಅಥವಾ ಕಟ್ಟೆ. ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ನೆರಳು. ನೊಗ ಇಳಿಸಿ, ಎತ್ತಿಗೆ ನೀರು ತೋರಿಸಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಬೆಳಗಿನ ಜಾವ ಮತ್ತೆ ಗಾಡಿ ಕಟ್ಟುವುದು. ಕ್ಯಾಸ್ಕೇಡಿಯಾ ಅಂಥದ್ದೇ ಒಂದು ತೋಪು. ಮರ ನೆಟ್ಟವರು ಮಾತ್ರ ಯಾರೂ ಇಲ್ಲ.

ಆ 14 ಮೈಲಿ ಅನ್ನುವ ಲೆಕ್ಕವನ್ನೇ ನೋಡಿ. ಕಾರಿನಲ್ಲಿ ಇಪ್ಪತ್ತು ನಿಮಿಷ. ಹೇರು ಹೊತ್ತ ಗಾಡಿ ಬೆಟ್ಟದ ದಾರಿಯಲ್ಲಿ ಒಂದು ದಿನಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು ಮೈಲಿ ನಡೆದೀತು. ಅಂದರೆ ಬೆಳಿಗ್ಗೆ ಸ್ವೀಟ್ ಹೋಮ್ ಬಿಟ್ಟವನು ಕತ್ತಲಾಗುವ ಹೊತ್ತಿಗೆ ಇಲ್ಲಿ ಗಾಡಿ ಬಿಡಲೇಬೇಕು. ನೀರಿದೆ, ಸಮತಟ್ಟಿದೆ, ನಾಳೆಯಿಂದ ಏರು ಇನ್ನೂ ಹೆಚ್ಚು. ಈ ಪಾರ್ಕು ಎಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಯಾವ ಇಲಾಖೆಯೂ ಅಲ್ಲ, ಪ್ರಾಣಿಗಳ ಕಾಲು.

ಆ ರಸ್ತೆಯ ಹೆಸರು ಸ್ಯಾಂಟಿಯಮ್ ವ್ಯಾಗನ್ ರೋಡ್. ಅಮೆರಿಕದ ಗಾಡಿ ರಸ್ತೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಬಿಳಿ ಕ್ಯಾನ್ವಾಸ್ ಹೊದಿಸಿದ ಗಾಡಿಗಳು, ಪೂರ್ವದಿಂದ ಪಶ್ಚಿಮಕ್ಕೆ ಸಾಗುವ ಸಂಸಾರಗಳು, ಸೂರ್ಯಾಸ್ತ, ಹಿನ್ನೆಲೆ ಸಂಗೀತ. ಈ ರಸ್ತೆ ಅದಕ್ಕೆ ತದ್ವಿರುದ್ಧ. ಇದನ್ನು ಕಡಿದದ್ದು ಪಶ್ಚಿಮದಿಂದ ಪೂರ್ವಕ್ಕೆ. ವಿಲ್ಯಾಮೆಟ್ ಕಣಿವೆಗೆ ಬಂದು ನೆಲೆ ನಿಂತವರಿಗೆ ಹತ್ತು ಹದಿನೈದು ವರ್ಷದಲ್ಲೇ ಹುಲ್ಲುಗಾವಲು ಸಾಲದಾಯಿತು. ಬೆಟ್ಟದಾಚೆ, ಮಧ್ಯ ಒರೆಗಾನಿನ ಒಣ ಬಯಲಲ್ಲಿ ಹುಲ್ಲಿದೆ ಅಂತ ಗೊತ್ತು. ದನ ಅಟ್ಟಿಕೊಂಡು ಹೋಗಲು ದಾರಿ ಬೇಕು. 1859ರಲ್ಲಿ ಆಂಡ್ರ್ಯೂ ವೈಲಿ ಅನ್ನುವವನು ಸೌತ್ ಸ್ಯಾಂಟಿಯಮ್ ಹಿಡಿದು ಮೇಲಕ್ಕೆ ಹೋಗಿ ಒಂದು ಕಣಿವೆದಾರಿ 'ಕಂಡುಹಿಡಿದ'.

ಆ ಪದಕ್ಕೆ ಉದ್ಧರಣ ಚಿಹ್ನೆ ಹಾಕದೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ವೈಲಿ ಹೋದದ್ದು ಆದಿವಾಸಿಗಳು ನಡೆದು ನಡೆದು ಸವೆಸಿದ ಜಾಡಿನಲ್ಲಿ. ಕಲಪೂಯರು, ಮೊಲಾಲರು ಹಕಲ್‌ಬೆರಿ ಹಣ್ಣಾಗುವ ಹೊತ್ತಿಗೆ ಬೆಟ್ಟ ಹತ್ತಿ, ಚಳಿಗೆ ಮುಂಚೆ ಇಳಿಯುತ್ತಿದ್ದ ಜಾಡು ಅದು. ಪಾರ್ಕಿನ ಹತ್ತಿರದಲ್ಲೇ ಒಂದು ಕಲ್ಲಾಸರೆ ಇದೆ, ಕ್ಯಾಸ್ಕೇಡಿಯಾ ಗುಹೆ ಅಂತ ಹೆಸರು. ಅದರ ಗೋಡೆಯ ಮೇಲೆ ಕರಡಿಯ ಪಂಜದಂಥವು, ಅಂಕುಡೊಂಕು ಗೆರೆಗಳು, ಕಲ್ಲಲ್ಲಿ ಕುಟ್ಟಿದ ಗುರುತುಗಳು. ಅಗೆದಾಗ ಸಿಕ್ಕಿದ ಒಲೆಯ ಇದ್ದಲು ಸುಮಾರು 8 ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಸುಮ್ಮನೆ ನುಗ್ಗಿ ನೋಡುವ ಜಾಗ ಅಲ್ಲ, ನಾವು ಹೋಗಲೂ ಇಲ್ಲ. ಮುಟ್ಟಿ ಮುಟ್ಟಿಯೇ ಅಂಥ ಗೆರೆಗಳು ಅಳಿಯುತ್ತವೆ. ಆದರೆ ಲೆಕ್ಕ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು: 1855ರಲ್ಲಿ ಒಪ್ಪಂದಗಳಿಗೆ ರುಜು ಹಾಕಿಸಿಕೊಂಡರು. 1856ರಲ್ಲಿ ಆ ಜನರನ್ನು ಗ್ರ್ಯಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಿದರು. ಮೂರನೆಯ ವರ್ಷ ಅವರದ್ದೇ ದಾರಿಯನ್ನು 'ಕಂಡುಹಿಡಿದರು'. ಮನೆಯವರನ್ನು ಕಳಿಸಿ, ಬೀಗ ಒಡೆದು, ಒಳಗೆ ಪಡಸಾಲೆ ಇದೆ ಅಂತ ಡಂಗುರ ಸಾರಿದ ಹಾಗೆ.

ಆಮೇಲೆ ಕಂಪನಿ ಬಂತು. ವಿಲ್ಯಾಮೆಟ್ ವ್ಯಾಲಿ ಅಂಡ್ ಕ್ಯಾಸ್ಕೇಡ್ ಮೌಂಟನ್ ವ್ಯಾಗನ್ ರೋಡ್ ಕಂಪನಿ. ಹೆಸರು ಓದುವಷ್ಟರಲ್ಲೇ ಒಂದು ಮೈಲಿ ನಡೆಯಬಹುದು. 1864ರಲ್ಲಿ ಕಟ್ಟಿದ್ದು. 1866ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು: ರಾಜ್ಯದ ಪೂರ್ವದ ಗಡಿಯವರೆಗೆ ರಸ್ತೆ ಮಾಡಿ, ಮಾಡಿದ ಪ್ರತಿ ಮೈಲಿಗೂ ಮೂರು ಸೆಕ್ಷನ್ ಭೂಮಿ ತೆಗೆದುಕೊಳ್ಳಿ. ಒಂದು ಸೆಕ್ಷನ್ ಅಂದರೆ 640 ಎಕರೆ. ಒಂದು ಮೈಲಿಗೆ 1,920 ಎಕರೆ! ನಮ್ಮ ಕಡೆ ಎರಡೆಕರೆ ತೋಟಕ್ಕೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆಯುವುದನ್ನು ನೋಡಿದ ಅಪ್ಪನಿಗೆ ಈ ಅಂಕಿ ಹೇಳಿದಾಗ, "ಸರಿಯಾಗಿ ಓದಿದ್ಯಾ?" ಅಂದರು.

ಸರಿಯಾಗಿಯೇ ಓದಿದ್ದೆ. ಕೊನೆಗೆ ಕಂಪನಿಗೆ ದಕ್ಕಿದ್ದು 8 ಲಕ್ಷ ಎಕರೆಗೂ ಮೀರಿ. ಬೆಟ್ಟ ದಾಟುವ ತುಂಡು ನಿಜವಾದ ರಸ್ತೆಯೇ. ಮರ ಕಡಿದು, ಬಂಡೆ ಸರಿಸಿ, ಕೆಸರಿಗೆ ದಿಮ್ಮಿ ಹಾಸಿ ಮಾಡಿದ್ದು. ಬೆಟ್ಟದಾಚೆ ಬಯಲಿನಲ್ಲಿ ಮಾತ್ರ ರಸ್ತೆ ಅನ್ನುವುದು ಹೆಚ್ಚುಕಡಿಮೆ ಕಾಗದದ ಮೇಲಿನ ಗೆರೆ, ಪೊದೆಗಳ ನಡುವೆ ಗಾಡಿ ಒಂದು ಸಲ ಹೋಗಿ ಬಂದ ಗುರುತು ಅಷ್ಟೇ ಅಂತ ಅಲ್ಲಿನ ಜನ ದೂರು ಕೊಟ್ಟರು. ಸರ್ಕಾರವೇ ದಾವೆ ಹೂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹತ್ತಿತು. ಅಷ್ಟು ಹೊತ್ತಿಗೆ ಭೂಮಿ ಕೈ ಬದಲಾಯಿಸಿಯಾಗಿತ್ತು, ಕೊಂಡವರ ಕೈಯಲ್ಲೇ ಉಳಿಯಿತು. ರಸ್ತೆ ಆಗದೆ ಬಿಲ್ ಆಗುವ ಕಲೆ ನಮ್ಮ ಕಂಟ್ರಾಕ್ಟರುಗಳ ಸ್ವಂತ ಆವಿಷ್ಕಾರ ಅಂದುಕೊಂಡಿದ್ದೆ. ಆ ಹೆಮ್ಮೆಯೂ ಹೋಯಿತು.

"ಇಲ್ಲಿ ಟೋಲ್ ಇಲ್ವಾ?" ಅಂತ ಅಪ್ಪ ಹೊರಟಾಗಿನಿಂದ ನಾಲ್ಕು ಸಲ ಕೇಳಿದ್ದರು. ತುಮಕೂರು ರಸ್ತೆಯ ಅಭ್ಯಾಸ. ಈಗ ಇಲ್ಲ. ಆಗ ಇತ್ತು. ಭೂಮಿ ಸಿಕ್ಕಿದ ಮೇಲೂ ಕಂಪನಿ ಸುಂಕ ಬಿಡಲಿಲ್ಲ. ದಾರಿಯಲ್ಲಿ ಸುಂಕದ ಕಟ್ಟೆಗಳು, ಕುದುರೆಗಿಷ್ಟು, ಗಾಡಿಗಿಷ್ಟು, ದನ ಕುರಿ ಹಂದಿಗೆ ತಲೆಗಿಷ್ಟು. ಕಣಿವೆಯ ಹಣ್ಣು ತರಕಾರಿ ಪೂರ್ವಕ್ಕೆ, ಬಯಲಿನ ಉಣ್ಣೆ ಪಶ್ಚಿಮದ ಮಗ್ಗಗಳಿಗೆ. ಎರಡು ಕಡೆಯಿಂದಲೂ ವಸೂಲಿ. ಬೆಟ್ಟ ದಾಟಲು ಬೇರೆ ದಾರಿ ಹತ್ತಿರದಲ್ಲಿ ಇಲ್ಲದ ಮೇಲೆ ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡು ಏನು ಮಾಡುವುದು? ಈ ಗಾದೆ ಹುಟ್ಟಿದ ನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಂಕ ನಿಂತದ್ದು 1914ರ ಆಸುಪಾಸಿನಲ್ಲಿ. ಅಂದರೆ ಹೆಚ್ಚುಕಡಿಮೆ ಅರ್ಧ ಶತಮಾನ ವಸೂಲಿ ನಡೆದಿತ್ತು.

ಸುಂಕದ ಕಟ್ಟೆಯ ಕತೆಗಳಲ್ಲಿ ಒಂದನ್ನು ಹೇಳದೆ ಮುಂದೆ ಹೋಗಲಾರೆ. 1905ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ, ಖಂಡ ದಾಟಿ ಪಶ್ಚಿಮದ ಕಡಲು ಮುಟ್ಟಿದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಶತಮಾನೋತ್ಸವದ ದೊಡ್ಡ ವಸ್ತುಪ್ರದರ್ಶನ. ಅದರ ನೆಪದಲ್ಲಿ ನ್ಯೂಯಾರ್ಕಿನಿಂದ ಪೋರ್ಟ್‌ಲ್ಯಾಂಡಿಗೆ ಎರಡು ಓಲ್ಡ್ಸ್‌ಮೊಬೈಲ್ ಕಾರುಗಳ ಪಂದ್ಯ. ಒಂದರ ಹೆಸರು ಓಲ್ಡ್ ಸ್ಕೌಟ್, ಇನ್ನೊಂದು ಓಲ್ಡ್ ಸ್ಟೆಡಿ. ಕಾರು ಅಂದರೆ ಒಂದೇ ಸಿಲಿಂಡರ್, ಏಳು ಕುದುರೆ ಶಕ್ತಿ. ಇವತ್ತಿನ ಸ್ಕೂಟರಿಗೂ ಅದಕ್ಕಿಂತ ಹೆಚ್ಚಿರುತ್ತದೆ. ಸ್ಟೀರಿಂಗ್ ಚಕ್ರವಿಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಕೋಲು. ಮೇ 8ಕ್ಕೆ ಹೊರಟು, ಕೆಸರು, ಹೊಳೆ, ಮರಳು ಎಲ್ಲ ದಾಟಿ ಕ್ಯಾಸ್ಕೇಡ್ ಬೆಟ್ಟಗಳ ಪೂರ್ವದ ತಪ್ಪಲಿಗೆ ಬಂದಾಗ ಜೂನ್. ಅಲ್ಲಿಯವರೆಗೆ ಆ ಬೆಟ್ಟ ಹತ್ತಿದ ಕಾರೇ ಇಲ್ಲ.

ಕ್ಯಾಶ್ ಕ್ರೀಕ್ ಸುಂಕದ ಕಟ್ಟೆಯಲ್ಲಿ ಸುಂಕದವನು ದರಪಟ್ಟಿ ತೆಗೆದು ನೋಡಿದ. ಕುದುರೆ ಇದೆ, ಗಾಡಿ ಇದೆ, ದನ ಇದೆ. ಕಾರು ಇಲ್ಲ. ಎಳೆಯಲು ಪ್ರಾಣಿ ಇಲ್ಲ ಅಂದ ಮೇಲೆ ಗಾಡಿ ಅಂತ ಹೇಗೆ ಬರೆಯುವುದು? ಗುರುಗುಟ್ಟುತ್ತದೆ, ನಾರುತ್ತದೆ, ದಾರಿಯೆಲ್ಲ ತನ್ನದೇ ಅನ್ನುವ ಹಾಗೆ ನುಗ್ಗುತ್ತದೆ. ಹಂದಿಯ ದರ ಹಾಕಿ ಮೂರು ಸೆಂಟ್ ವಸೂಲಿ ಮಾಡಿದ ಅಂತ ಕತೆ. ಈ ರಸ್ತೆಯ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಹೇಳುವ ಕತೆ ಇದು. ಬಾಯಿಂದ ಬಾಯಿಗೆ ಬರುವಾಗ ಒಂದಿಷ್ಟು ಒಗ್ಗರಣೆ ಬಿದ್ದಿದ್ದರೂ ನನಗೇನೂ ಬೇಸರವಿಲ್ಲ. ದಾರಿ ಬಿಡದೆ ಓಡಿಸುವವರನ್ನು ಇಂಗ್ಲಿಷಿನಲ್ಲಿ ಇವತ್ತಿಗೂ ರಸ್ತೆಯ ಹಂದಿ ಅಂತಲೇ ಬೈಯುತ್ತಾರೆ.

ಹಂದಿಗಳು ಬೆಟ್ಟ ಹತ್ತಿದವು. ಇಳಿಯುವುದು ಅದಕ್ಕಿಂತ ಕಷ್ಟ. ಸೆವೆನ್ ಮೈಲ್ ಹಿಲ್ ಅನ್ನುವ ಇಳಿಜಾರಿನಲ್ಲಿ ಆ ಕಾರಿನ ಬ್ರೇಕನ್ನು ನಂಬಿ ಬಿಟ್ಟರೆ ಕೆಳಗೆ ಸಿಗುವುದು ಬರೀ ಬಿಡಿಭಾಗ. ಅವರು ಹಳೆಯ ಗಾಡಿಯವರ ಉಪಾಯವನ್ನೇ ಹಿಡಿದರು: ಒಂದು ಮರ ಕಡಿದು, ಕೊಂಬೆ ಸಮೇತ ಹಿಂದಕ್ಕೆ ಕಟ್ಟಿ ಎಳೆಯುತ್ತಾ ಇಳಿಯುವುದು. ಮರ ನೆಲಕ್ಕೆ ಉಜ್ಜುತ್ತಾ ಬಿರಿಯ ಕೆಲಸ ಮಾಡುತ್ತದೆ. 'ಬಿರಿ' ಅನ್ನುವ ಪದ ಬರೆದು ನಾನೇ ಒಂದು ಕ್ಷಣ ನಿಂತೆ. ತಾತ ಬ್ರೇಕಿಗೆ ಹಾಗೆ ಅನ್ನುತ್ತಿದ್ದರು, "ಬಿರಿ ಹಾಕ್ಲಾ". ನನ್ನ ಮಗಳಿಗೆ ಈ ಪದ ಗೊತ್ತಿಲ್ಲ. ಇರಲಿ. ಡ್ವೈಟ್ ಹಸ್ ಓಡಿಸುತ್ತಿದ್ದ ಓಲ್ಡ್ ಸ್ಕೌಟ್ ಜೂನ್ 21ಕ್ಕೆ ಪೋರ್ಟ್‌ಲ್ಯಾಂಡ್ ಮುಟ್ಟಿತು. 44 ದಿನ, ಸುಮಾರು 4 ಸಾವಿರ ಮೈಲಿ, ಸಾವಿರ ಡಾಲರ್ ಬಹುಮಾನ. ಪರ್ಸಿ ಮೆಗಾರ್ಗೆಲ್‌ನ ಓಲ್ಡ್ ಸ್ಟೆಡಿ ಆಮೇಲೆ ಬಂತು.

ಈ ಎರಡೂ ಕಾರು ಇಳಿದು ಬಂದದ್ದು ನಾವು ಬುತ್ತಿ ಬಿಚ್ಚಿದ್ದ ಇದೇ ಕಣಿವೆಗೆ.

ಬುತ್ತಿ ಅಂದರೆ ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ಊಟ ಮುಗಿಸಿ ಕೈ ತೊಳೆಯಲು ಝರಿಯ ಕಡೆ ಹೋದ ಅಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕುಕ್ಕರಗಾಲಲ್ಲಿ ಕೂತು ಒಂದು ಬಂಡೆಯನ್ನೇ ದಿಟ್ಟಿಸುತ್ತಿದ್ದಾರೆ. ಬಂಡೆಯ ಬಿರುಕಿನಿಂದ ನೀರು ಜಿನುಗಿ ಬರುತ್ತಿತ್ತು. ಜಿನುಗಿದ ದಾರಿಯುದ್ದಕ್ಕೂ ಕಿತ್ತಳೆ ಬಣ್ಣದ ಲೋಳೆಯಂಥ ಪಾಚು. ಹಳೆಯ ಬೋರ್‌ವೆಲ್ ಕೊಳವೆಯ ಬುಡದಲ್ಲಿ ತುಕ್ಕು ಕಟ್ಟುವ ಹಾಗೆ. ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ ಎದ್ದು ಒಡೆಯುತ್ತಿತ್ತು. ಅಪ್ಪ ಬೆರಳು ತಾಕಿಸಿ ನಾಲಗೆಗೆ ಹಚ್ಚಿಕೊಂಡರು. ಮುಖ ಹಿಂಡಿದರು.

"ಕಬ್ಬಿಣ ನೆಕ್ಕಿದ ಹಾಗಿದೆ. ಸೋಡಾ, ಆದ್ರೆ ಗ್ಯಾಸ್ ಹೋಗಿರೋ ಸೋಡಾ."

ಈ ಜಾಗಕ್ಕೆ ಪಾರ್ಕಿನ ಭಾಗ್ಯ ಬಂದದ್ದೇ ಆ ಸೋಡಾದಿಂದ. ಕ್ಯಾಸ್ಕೇಡ್ ಜ್ವಾಲಾಮುಖಿಗಳ ಸಾಲು. ನೆಲದ ಆಳದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡಕ್ಕೆ ಸಿಕ್ಕಿ ನೀರಿನಲ್ಲಿ ಕರಗುತ್ತದೆ, ಆ ಹುಳಿ ನೀರು ಬಂಡೆಯಿಂದ ಕಬ್ಬಿಣ, ಸುಣ್ಣ, ಉಪ್ಪನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹೊರಗೆ ಬಂದ ಕೂಡಲೇ ಗಾಳಿ ಗುಳ್ಳೆಯಾಗಿ ಹಾರುತ್ತದೆ, ಕಬ್ಬಿಣ ಗಾಳಿಗೆ ಸಿಕ್ಕಿ ತುಕ್ಕಾಗಿ ಕೂರುತ್ತದೆ. ಗೋಲಿ ಸೋಡಾ ಅಂಗಡಿಯವನು ಸಿಲಿಂಡರ್ ತಿರುಗಿಸಿ ಮಾಡುವುದನ್ನು ಇಲ್ಲಿ ಬೆಟ್ಟ ಮಾಡುತ್ತದೆ. ಗಾಡಿಯವರು ಇಲ್ಲಿಗೆ ಲೋವರ್ ಸೋಡಾ ಅನ್ನುತ್ತಿದ್ದರು. ಇದೇ ದಾರಿಯಲ್ಲಿ ಇನ್ನೂ ಮೇಲೆ ಇನ್ನೊಂದು ಊಟೆ ಇದ್ದು, ಅದು ಅಪ್ಪರ್ ಸೋಡಾ. ಕೆಳಗಿನ ಸೋಡಾ, ಮೇಲಿನ ಸೋಡಾ. ಅಷ್ಟೇ ವಿಳಾಸ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಥ ನೀರಿಗೆ ಬಂದ ಕಿಮ್ಮತ್ತೇ ಬೇರೆ. ಹೊಟ್ಟೆಯುಬ್ಬರ, ಕೀಲುನೋವು, ಚರ್ಮದ ಕಾಯಿಲೆ, ಏನೆಂದು ತಿಳಿಯದ ಸುಸ್ತು, ಎಲ್ಲಕ್ಕೂ ಖನಿಜದ ನೀರೇ ಮದ್ದು. ರುಚಿ ಕೆಟ್ಟದಾಗಿದ್ದಷ್ಟೂ ಗುಣ ಹೆಚ್ಚು ಅನ್ನುವ ನಂಬಿಕೆ ಎಲ್ಲ ನಾಡಿನಲ್ಲೂ ಒಂದೇ. ನಮ್ಮ ಮನೆಯ ಕಷಾಯದ ಹಿಂದೆ ಇರುವುದೂ ಅದೇ ತತ್ತ್ವ. 1890ರ ದಶಕದಲ್ಲಿ ಜಾರ್ಜ್ ಗೀಸೆನ್‌ಡಾರ್ಫರ್ ಅನ್ನುವವರು ಈ ಜಾಗ ಕೊಂಡು ಹೋಟೆಲ್ ಕಟ್ಟಿಸಿದರು. ಅಂಗಡಿ, ಸ್ನಾನದ ಮನೆ, ತೋಟ, ಮರದ ಸುತ್ತಿಗೆಯಲ್ಲಿ ಚೆಂಡು ಹೊಡೆಯುವ ಕ್ರೋಕೆ ಆಟದ ಅಂಗಳ. ಕ್ಯಾಸ್ಕೇಡಿಯಾ ಅನ್ನುವ ಹೆಸರು ಪ್ರಸಿದ್ಧಿಗೆ ಬಂದದ್ದು ಆಗ. ಬೇಸಿಗೆಯಲ್ಲಿ ಕಣಿವೆಯ ಸೆಕೆ ತಾಳದ ಸಂಸಾರಗಳು ಪಾತ್ರೆ ಪಡಗ, ಹಾಸಿಗೆ, ಮಕ್ಕಳು ಸಮೇತ ಗಾಡಿ ಕಟ್ಟಿಕೊಂಡು ಬಂದು ವಾರಗಟ್ಟಲೆ ಡೇರೆ ಹಾಕಿ ಕೂರುತ್ತಿದ್ದರು.

ನನಗೆ ಈ ತಿರುವು ಬಹಳ ಇಷ್ಟ. ಅಲ್ಲಿಯವರೆಗೆ ಈ ಜಾಗ ಬೇರೆಲ್ಲಿಗೋ ಹೋಗುವವರು ನಿಲ್ಲುವ ಜಾಗ. ಯಾರೂ ಕ್ಯಾಸ್ಕೇಡಿಯಾಕ್ಕೆ ಅಂತ ಬರುತ್ತಿರಲಿಲ್ಲ, ಕ್ಯಾಸ್ಕೇಡಿಯಾ ಅವರ ದಾರಿಗೆ ಅಡ್ಡ ಬರುತ್ತಿತ್ತು. ಗೀಸೆನ್‌ಡಾರ್ಫರ್ ಕಾಲಕ್ಕೆ ಇದೇ ಊರಾಯಿತು. ಗಾಡಿ ಬಿಡುವುದೇ ಪ್ರಯಾಣದ ಉದ್ದೇಶವಾಯಿತು. ಹುಲ್ಲು ಹುಡುಕಿಕೊಂಡು ಬೆಟ್ಟ ಹತ್ತಿದವರ ಮೊಮ್ಮಕ್ಕಳು ಅದೇ ದಾರಿಯಲ್ಲಿ ಕ್ರೋಕೆ ಆಡಲು ಬಂದರು. ಆ ಸಂಸಾರ ನಲವತ್ತು ವರ್ಷಕ್ಕೂ ಮೀರಿ ಈ ವ್ಯವಹಾರ ನಡೆಸಿತು. ಕುದುರೆ ಗಾಡಿಯಲ್ಲಿ ಬಂದ ಅತಿಥಿಗೆ ಬಾಗಿಲು ತೆಗೆದವರೇ ಫೋರ್ಡ್ ಕಾರಿನಲ್ಲಿ ಬಂದವನಿಗೂ ತೆಗೆದಿರಬೇಕು.

ಆಮೇಲೆ ಆದದ್ದು ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಪಕ್ಕದ ಖಾನಾವಳಿಗಳಿಗೂ ಆದದ್ದೇ. ರಸ್ತೆ ಚೆನ್ನಾಯಿತು. 1939ರ ಹೊತ್ತಿಗೆ ಸ್ಯಾಂಟಿಯಮ್ ಕಣಿವೆದಾರಿಯ ಹೊಸ ಹೆದ್ದಾರಿ ತೆರೆದು, ಹಳೆಯ ಗಾಡಿ ರಸ್ತೆಯ ಕೆಲಸ ಮುಗಿಯಿತು. ಆ ಹೆದ್ದಾರಿಯೇ ಈಗಿನ 20. ಒರೆಗಾನಿನ ಕಡಲತೀರದ ನ್ಯೂಪೋರ್ಟಿನಿಂದ ಆ ತುದಿಯ ಬಾಸ್ಟನ್‌ವರೆಗೆ 3,365 ಮೈಲಿ, ಅಮೆರಿಕದಲ್ಲೇ ಅತಿ ಉದ್ದದ ರಸ್ತೆ. ಅಂಥ ರಸ್ತೆಯಲ್ಲಿ 14 ಮೈಲಿಗೊಮ್ಮೆ ನಿಲ್ಲುವವರು ಯಾರು? ಗೀಸೆನ್‌ಡಾರ್ಫರ್ ಸಂಸಾರದಿಂದ ರಾಜ್ಯ ಸರ್ಕಾರ ಈ ಜಾಗ ಕೊಂಡದ್ದು ಅದರ ಬೆನ್ನಿಗೇ, 1941ರ ವೇಳೆಗೆ.

ಕೊಂಡದ್ದು ಯಾವ ದುಡ್ಡಿನಲ್ಲಿ ಅನ್ನುವುದು ಇನ್ನೂ ಸ್ವಾರಸ್ಯ. ಪೆಟ್ರೋಲಿಗೆ ತೆರಿಗೆ ಹಾಕಿದ ಮೊದಲ ಅಮೆರಿಕನ್ ರಾಜ್ಯ ಒರೆಗಾನ್, 1919ರಲ್ಲಿ. ಆ ತೆರಿಗೆಯಿಂದ ರಸ್ತೆ, ರಸ್ತೆಯ ಇಲಾಖೆಯ ಕೈಯಲ್ಲೇ ಪಾರ್ಕುಗಳು. 1929ರಿಂದ 1950ರವರೆಗೆ ಆ ಪಾರ್ಕುಗಳ ಮೇಲ್ವಿಚಾರಕರಾಗಿದ್ದವರು ಸ್ಯಾಮ್ಯುಯೆಲ್ ಬೋರ್ಡ್‌ಮನ್. ಅದಕ್ಕೆ ಮುಂಚೆ ಇಂಜಿನಿಯರ್ ಆಗಿದ್ದು, ಬೋಳು ಹೆದ್ದಾರಿಗಳ ಪಕ್ಕದಲ್ಲಿ ಮರ ನೆಡಿಸಿದ ಮನುಷ್ಯ. ಗುಂಡುತೋಪಿನ ಮರ್ಮ ತಿಳಿದವರು ಅಂತ ನನ್ನ ಲೆಕ್ಕ. ಆದರೆ ಅವರಿಗೆ ಪಾರ್ಕಿನಲ್ಲಿ ಜನ ರಾತ್ರಿ ತಂಗುವುದು ಸುತರಾಂ ಇಷ್ಟವಿರಲಿಲ್ಲ. ಹಗಲು ಬನ್ನಿ, ನೋಡಿ, ಹೋಗಿ. ಈ ವಿಷಯದಲ್ಲಿ ನಾನು ಅವರ ಪಕ್ಷ ಅಲ್ಲ. ಐವತ್ತು ಅರವತ್ತು ವರ್ಷ ಜನ ರಾತ್ರಿ ತಂಗಿದ್ದರಿಂದಲೇ ಹುಟ್ಟಿದ ಜಾಗಕ್ಕೆ ರಾತ್ರಿ ಬರಬೇಡಿ ಅನ್ನುವುದು ಎಲ್ಲಿಯ ನ್ಯಾಯ? ಅವರು ನಿವೃತ್ತರಾದ ಮೇಲೆ ಒರೆಗಾನಿನ ಪಾರ್ಕುಗಳಲ್ಲಿ ಡೇರೆಗಳು ಎದ್ದವು. ಈಗ ಇಲ್ಲೂ ಇವೆ. ಹೋಟೆಲ್ ಮಾತ್ರ ಇಲ್ಲ. ಕ್ರೋಕೆ ಅಂಗಳ ಯಾವುದಿರಬಹುದು ಅಂತ ಹುಲ್ಲುಹಾಸಿನ ಮೇಲೆ ಒಂದಿಷ್ಟು ಹೊತ್ತು ಅಡ್ಡಾಡಿದೆ. ಹುಲ್ಲು ಏನೂ ಹೇಳಲಿಲ್ಲ.

1980ರಲ್ಲಿ ಒರೆಗಾನಿನ ಮತದಾರರು ಪೆಟ್ರೋಲ್ ತೆರಿಗೆ ರಸ್ತೆಗೆ ಮಾತ್ರ ಅಂತ ಸಂವಿಧಾನವನ್ನೇ ತಿದ್ದಿದರು. ಪಾರ್ಕುಗಳು ಬೇರೆ ದುಡ್ಡು ನೋಡಿಕೊಳ್ಳಬೇಕಾಯಿತು, ಕಡೆಗೆ ಲಾಟರಿ ಹಣ ಬಂತು. ಈಗ ಕ್ಯಾಸ್ಕೇಡಿಯಾ ರಾಜ್ಯದ ಪಾರ್ಕೂ ಅಲ್ಲ, ಲಿನ್ ಕೌಂಟಿಯವರು, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲೆಯವರು, ನೋಡಿಕೊಳ್ಳುತ್ತಾರೆ. ಸುಂಕ, ಸೋಡಾ, ಪೆಟ್ರೋಲ್, ಲಾಟರಿ. ಒಂದು ನೆರಳಿಗೆ ಎಷ್ಟು ಬಗೆಯ ಯಜಮಾನರು.

ಇದರ ಮಧ್ಯೆ ಇದು ಮುಳುಗಿಯೂ ಹೋಗಬೇಕಿತ್ತು. ವಿಲ್ಯಾಮೆಟ್ ಕಣಿವೆಯ ನೆರೆ ತಡೆಯಲು ಈ ನದಿಗಳಿಗೆ ಸಾಲುಸಾಲಾಗಿ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಕೆಳಗೆ ಸ್ವೀಟ್ ಹೋಮ್ ಪಕ್ಕ ಫಾಸ್ಟರ್ ಅಣೆಕಟ್ಟು 1960ರ ದಶಕದಲ್ಲಿ ಎದ್ದಿತು, ಅದರ ಹಿನ್ನೀರನ್ನು ಬಳಸಿಕೊಂಡೇ ನಾವು ಬಂದದ್ದು. ಕ್ಯಾಸ್ಕೇಡಿಯಾಕ್ಕೂ 1962ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತ್ತು. ಗುಹೆಯನ್ನು ಅವಸರದಲ್ಲಿ ಅಗೆದು ದಾಖಲು ಮಾಡಿದ್ದೇ ಅದು ಮುಳುಗುತ್ತದೆ ಅಂತ. ಆ 8 ಸಾವಿರ ವರ್ಷದ ಇದ್ದಲು ಸಿಕ್ಕಿದ್ದು ಹಾಗೆ. ಅಣೆಕಟ್ಟು ಕೊನೆಗೂ ಏಳಲಿಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಹೇಮಾವತಿ ಹಿನ್ನೀರಿನಲ್ಲಿ ಹೋದ ಹಳ್ಳಿಯೊಂದರಲ್ಲಿ ಅವರ ಸೋದರಮಾವನ ಮನೆ ಇತ್ತು. "ನಮ್ಮಲ್ಲಿ ಏಳ್ತು," ಅಂದರು ಕೊನೆಗೆ, ಅಷ್ಟೇ.

ಮಧ್ಯಾಹ್ನದ ಮೇಲೆ ಸೋಡಾ ಕ್ರೀಕ್ ಪಕ್ಕದ ಕಾಲುದಾರಿಯಲ್ಲಿ ಮುಕ್ಕಾಲು ಮೈಲಿ ನಡೆದು ಜಲಪಾತ ನೋಡಿದೆವು. ಪಾಚಿ ಕಟ್ಟಿದ ಕರಿಬಂಡೆಗಳ ಮೇಲೆ ಹಂತಹಂತವಾಗಿ ಬೀಳುವ ನೀರು. ಚೆನ್ನಾಗಿದೆ. ಜೋಗ ನೋಡಿದವರಿಗೆ ಜಲಪಾತದ ಬಗ್ಗೆ ಬರೆಯಲು ಒಂದು ಸಂಕೋಚ ಇದ್ದೇ ಇರುತ್ತದೆ, ಹಾಗಾಗಿ ಇಷ್ಟೇ.

ಅಲ್ಲಿಂದ ಅಪ್ಪನಿಗೆ ನಿಜವಾದ ಗಾಡಿ ರಸ್ತೆ ತೋರಿಸಬೇಕು ಅಂತ ಹೆದ್ದಾರಿಯಲ್ಲಿ ಇನ್ನೂ ಮೇಲಕ್ಕೆ, ಹೌಸ್ ರಾಕ್ ಅನ್ನುವ ಕಡೆಗೆ ಹೋದೆವು. ಮನೆಯಷ್ಟು ದೊಡ್ಡ ಒಂದು ಬಂಡೆ ನದಿ ಪಕ್ಕ ವಾಲಿಕೊಂಡಿದೆ. ಮಳೆ ಹಿಡಿದಾಗ ಗಾಡಿಯವರ ಹೆಂಡಿರು ಮಕ್ಕಳು ಅದರಡಿ ಸೇರಿಕೊಳ್ಳುತ್ತಿದ್ದರಂತೆ. ಅದರ ಹತ್ತಿರದಲ್ಲೇ ಹಳೆಯ ಗಾಡಿ ರಸ್ತೆಯ ತುಂಡೊಂದು ಕಾಲುದಾರಿಯಾಗಿ ಉಳಿದಿದೆ. ಕಾಡು ಮುಚ್ಚಿಕೊಂಡು ಬಂದಿದ್ದರೂ ಅಗಲ ಗೊತ್ತಾಗುತ್ತದೆ: ಒಂದು ಗಾಡಿ ಹಿಡಿಯುವಷ್ಟು, ಎರಡಕ್ಕೆ ಸಾಲದಷ್ಟು. ಎರಡು ಪಕ್ಕ ನೆಲ ತುಸು ಎತ್ತರ, ನಡುವೆ ತಗ್ಗು, ತಗ್ಗಿನ ತುಂಬ ಫರ್ ಸೂಜಿಗಳ ಮೆತ್ತೆ.

ಅಪ್ಪ ಚಪ್ಪಲಿ ಬಿಟ್ಟರು. ಬರಿಗಾಲಲ್ಲಿ ತಗ್ಗಿನ ಒಂದು ಅಂಚು ಹಿಡಿದು ನಡೆದರು. ಸ್ವಲ್ಪ ದೂರ ಹೋಗಿ ಹಿಂದೆ ಬಂದು, ಇನ್ನೊಂದು ಅಂಚಿನಲ್ಲಿ ನಡೆದರು. ಆಮೇಲೆ ಎರಡರ ನಡುವೆ ನಿಂತು ಹೆಜ್ಜೆ ಅಳೆದರು.

"ಗಾಲಿ ಗಾಲಿ ನಡುವೆ ನಮ್ಮ ಗಾಡಿಗಿಂತ ಏನೂ ಜಾಸ್ತಿ ಇಲ್ಲ ಕಣೋ."

"ಅವರದ್ದು ನಾಲ್ಕು ಗಾಲಿ ಅಪ್ಪ."

"ಇರಲಿ. ಜಾಡು ಎರಡೇ ತಾನೆ."

ಇನ್ನೂ ಮೇಲೆ ಹೋದರೆ ಟೂಮ್‌ಸ್ಟೋನ್ ಪಾಸ್, ಸಮಾಧಿಕಲ್ಲಿನ ಕಣಿವೆ. 1871ರಲ್ಲಿ ಗುಂಡು ಅಕಸ್ಮಾತ್ ಹಾರಿ ಸತ್ತ 18 ವರ್ಷದ ಹುಡುಗನ ನೆನಪಿಗೆ ನಿಲ್ಲಿಸಿದ ಕಲ್ಲಿನಿಂದ ಆ ಹೆಸರು. ಅದರಾಚೆ ಫಿಶ್ ಲೇಕ್, ಹಿಮ ಕರಗಿದಾಗ ತುಂಬಿ ಬೇಸಿಗೆ ಮುಗಿಯುವ ಹೊತ್ತಿಗೆ ಹುಲ್ಲುಗಾವಲಾಗುವ ವಿಚಿತ್ರ ಕೆರೆ, ಗಾಡಿಯವರ ಇನ್ನೊಂದು ಬಿಡಾರ. ಅದರಾಚೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿನೆಲ. ಹೋಗೋಣವಾ ಅಂತ ಕೇಳಿದೆ. ಅಪ್ಪ ಆಕಾಶ ನೋಡಿ, ಹೊತ್ತಾಯಿತು, ಕತ್ತಲಲ್ಲಿ ಘಾಟಿ ಇಳಿಯುವುದು ಬೇಡ ಅಂದರು. ಪಾರ್ಕಿನ ಮೇಜಿನ ಮೇಲೆ ಊಟದ ಡಬ್ಬಿ ಮರೆತು ಬಂದಿದ್ದು ಆಗ ನೆನಪಾಯಿತು.

ವಾಪಸ್ ಬಂದಾಗ ಡಬ್ಬಿ ಇಟ್ಟಲ್ಲೇ ಇತ್ತು. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಒಲೆ ಹಚ್ಚುತ್ತಿತ್ತು, ಅವರ ನಾಯಿ ನಮ್ಮ ಎಣ್ಣೆಗಾಯಿಯ ವಾಸನೆ ಹಿಡಿದು ಡಬ್ಬಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿತ್ತು. ಕಾರು ಮೊದಲು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ್ದೆ. ಅಪ್ಪ ಮತ್ತೆ ಅದೇ ಕಲ್ಲನ್ನು ಚಕ್ರಕ್ಕೆ ಕೊಟ್ಟಿದ್ದನ್ನು ನಾನು ಗಮನಿಸಿರಲಿಲ್ಲ. ಹಿಂದಕ್ಕೆ ತೆಗೆಯಲು ಹೋದೆ, ಕಾರು ಮಿಸುಕಲಿಲ್ಲ. ಇನ್ನಷ್ಟು ಒತ್ತಿದೆ, ಧಡ್ ಅಂತು.

"ತಡೀ," ಅಂತ ಇಳಿದು ಅಪ್ಪ ಕಲ್ಲನ್ನು ಎಳೆದು ತೆಗೆದರು. ಬಿಸಾಕುತ್ತಾರೆ ಅಂದುಕೊಂಡೆ. ಬಿಸಾಕಲಿಲ್ಲ. ಅಲ್ಲಿದ್ದ ಫರ್ ಮರದ ಬುಡಕ್ಕೆ ತಂದು, ಉರುಳದ ಹಾಗೆ ಒತ್ತಿ ಇಟ್ಟು, ಕೈ ಕೊಡವಿಕೊಂಡು ಬಂದು ಕೂತರು.

"ದಾರೀಲಿ ಬಿಟ್ರೆ ಹಿಂದೆ ಬರೋ ಗಾಡಿಗೆ ಪೆಟ್ಟು," ಅಂದರು. ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ, "ಮರದ ಬುಡದಲ್ಲಿದ್ರೆ ಇನ್ನೊಬ್ಬನಿಗೆ ಆಗತ್ತೆ."

ಸೇತುವೆ ದಾಟಿ ಹೆದ್ದಾರಿ ಹತ್ತುವ ಹೊತ್ತಿಗೆ ನಿದ್ದೆ ಹೋಗಿದ್ದರು.